ನಾಟ್ ಗಿವನ್

ನಮ್ಮ ಕಾಲದ ಸರ್ಕಾರಿ ಶಾಲೆಯ ಇಂಗ್ಲೀಷ್ ಪುಸ್ತಕ ನೋಡಿದವರಿಗೆ ಗೊತ್ತಿರುತ್ತೆ, ಅದರಲ್ಲಿ ಎರಡು ಭಾಷೆ ಇರುತ್ತಿದ್ದವು. ಅಚ್ಚಾಗಿದ್ದದ್ದು ಇಂಗ್ಲೀಷು, ಪ್ರತಿ ಪದದ ತಲೆ ಮೇಲೆ ಪೆನ್ಸಿಲ್ಲಿನಲ್ಲಿ ಕೂತಿದ್ದದ್ದು ಕನ್ನಡ. ನಮಗೆಲ್ಲ ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಿಗೆ. ಮೇಷ್ಟ್ರು ಒಂದು ಸಾಲು ಓದೋರು, ಅರ್ಥ ಹೇಳೋರು, ನಾವು ಬರ್ಕೊಳ್ಳೋದು. ಒಂದು ಪದ ಬಿಟ್ಟರೂ ಪಾಪ. ವರ್ಷದ ಕೊನೆಗೆ ಹಳೇ ಪುಸ್ತಕ ಅರ್ಧ ರೇಟಿಗೆ ಮಾರುವಾಗ, ಪೂರ್ತಿ 'ಮೀನಿಂಗ್' ಬರೆದಿರೋ ಪುಸ್ತಕಕ್ಕೆ ಬೇಡಿಕೆ ಜಾಸ್ತಿ.

ಪರೀಕ್ಷೆಯಲ್ಲಿ ಪ್ಯಾಸೇಜ್ ಕೊಟ್ಟು ಪ್ರಶ್ನೆ ಕೇಳಿದರೆ ಅದಕ್ಕೂ ಒಂದು ಉಪಾಯ ಇತ್ತು. ಪ್ರಶ್ನೆಯಲ್ಲಿರುವ ದೊಡ್ಡ ಪದ ಹಿಡ್ಕೊ, ಅದೇ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕು, ಆ ಇಡೀ ಸಾಲನ್ನ ಎತ್ತಿ ಬರಿ. ಅರ್ಥ ಆಗಿರಲೇಬೇಕು ಅಂತೇನೂ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ನಾವು ಅರ್ಧ ಜನ ದಾಟಿದ್ದು ಹೀಗೇ.

ಈ ಎರಡು ಅಭ್ಯಾಸಗಳೂ ಸೇರಿ ಹೋದ ವರ್ಷ ನನ್ನ ಚಿಕ್ಕಪ್ಪನ ಮಗಳಿಗೆ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಸರಿಯಾಗಿ ಕೈಕೊಟ್ಟವು.

ಅವಳು ನರ್ಸು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆರು ವರ್ಷದಿಂದ ಇದ್ದಾಳೆ. ಅವಳನ್ನು ಓದಿಸೋಕೆ ಚಿಕ್ಕಪ್ಪ ಸೊಸೈಟಿಯಲ್ಲಿ ಮಾಡಿದ ಸಾಲ ಇನ್ನೂ ಪೂರ್ತಿ ತೀರಿಲ್ಲ. ಇಲ್ಲಿನ ಸಂಬಳದಲ್ಲಿ ಪಿಜಿ ಬಾಡಿಗೆ ಕಟ್ಟಿ, ಊರಿಗೆ ಕಳಿಸಿ ಉಳಿಯೋದು ಎಷ್ಟು ಅಂತ ಬೆಂಗಳೂರಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಅವಳ ಜೊತೆಗಿದ್ದ ಕೇರಳದ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಬ್ರಿಟನ್ನಿಗೆ ಹೋದರು. ಇವಳೂ ಹೊರಟಳು. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಕೇಳೋದು ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7, ಬಿಡಿಬಿಡಿಯಾಗಿ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ ಮಾತ್ರ 6.5 ಇದ್ದರೂ ನಡೆಯುತ್ತೆ. ನರ್ಸು, ಡಾಕ್ಟರುಗಳಿಗೆಂದೇ ಓಇಟಿ ಅಂತ ಬೇರೆ ಪರೀಕ್ಷೆಯೂ ಇದೆ, ಆದರೆ ಅದರ ಫೀಸು ಇನ್ನೂ ಜಾಸ್ತಿ. ಮೊದಲ ಸಲ ಬರೆದಾಗ ಇವಳಿಗೆ ಮಾತಿನಲ್ಲಿ 7, ಕೇಳೋದರಲ್ಲಿ 7.5, ಬರೆಯೋದರಲ್ಲಿ 6.5. ಓದೋದರಲ್ಲಿ 6.

ಅವಳಿಗಿಂತ ಜಾಸ್ತಿ ನನಗೆ ಆಶ್ಚರ್ಯ ಆಯಿತು. ಮಾತಾಡೋದು, ಬರೆಯೋದು ಕಷ್ಟ, ಓದೋದು ಸುಲಭ ಅಂತ ತಾನೇ ನಾವೆಲ್ಲ ಅಂದ್ಕೊಂಡಿರೋದು? "ಅಣ್ಣಯ್ಯ, ಟೈಮೇ ಸಾಕಾಗ್ಲಿಲ್ಲ. ಮೂರನೇ ಪ್ಯಾಸೇಜ್ ಮುಟ್ಟಕ್ಕೇ ಆಗ್ಲಿಲ್ಲ" ಅಂದಳು. ಫೋನಿನಲ್ಲಿ ಅಳ್ತಾ ಇದ್ದಳು, ಆದರೆ ಅಳ್ತಿಲ್ಲ ಅಂತ ತೋರಿಸ್ತಿದ್ದಳು. ನಾನೂ ಒಂದು ಕಾಲದಲ್ಲಿ ಕೆನಡಾ ಕೆನಡಾ ಅಂತ ಕುಣಿದು ಇದೇ ಪರೀಕ್ಷೆಯ ಜನರಲ್ ಟ್ರೈನಿಂಗ್ ಆವೃತ್ತಿ ಬರೆದವನು. ಕೆನಡಾ ಆಗಲಿಲ್ಲ, ಪರೀಕ್ಷೆಯ ಪುಸ್ತಕಗಳು ಮಾತ್ರ ಅಟ್ಟದ ಮೇಲೆ ಉಳಿದಿದ್ದವು. ಅವನ್ನ ಇಳಿಸಿ, ಅವಳ ಆಫ್ ಇರೋ ದಿನ ಸಂಜೆ ನಮ್ಮ ಮನೆಗೆ ಬಾ ಅಂದೆ.

ಲೆಕ್ಕ ಮೊದಲು ನೋಡೋಣ. ಮೂರು ಪ್ಯಾಸೇಜು, 40 ಪ್ರಶ್ನೆ, 60 ನಿಮಿಷ. ಮೂರೂ ಸೇರಿ ಒಟ್ಟು 2150ರಿಂದ 2750 ಪದ. ಪೇಪರಿನಲ್ಲಿ ಬರೆದರೆ ಕೇಳುವ ಪರೀಕ್ಷೆಗೆ ಉತ್ತರಗಳನ್ನು ಹಾಳೆಗೆ ಇಳಿಸಿಕೊಳ್ಳಲು ಬೇರೆ 10 ನಿಮಿಷ ಕೊಡ್ತಾರೆ, ಓದುವ ಪರೀಕ್ಷೆಗೆ ಅದೂ ಇಲ್ಲ. ಅಕಾಡೆಮಿಕ್‌ನಲ್ಲಿ ಸುಮಾರು 23 ಸರಿಯಾದರೆ 6, 30 ಸರಿಯಾದರೆ 7. (ಜನರಲ್‌ನಲ್ಲಿ ಪ್ಯಾಸೇಜು ಸುಲಭ, ಹಾಗಾಗಿ 7 ಬರಬೇಕಂದರೆ 34 ಬೇಕು. ಯಾವುದೂ ಪುಕ್ಕಟೆ ಇಲ್ಲ.) ಅಂದರೆ ಅವಳಿಗೆ ಕಮ್ಮಿ ಬಿದ್ದಿರೋದು ಹೆಚ್ಚೆಂದರೆ ಏಳು ಪ್ರಶ್ನೆ.

ಒಂದು ಪ್ಯಾಸೇಜ್ ಕೊಟ್ಟು, ಮೊಬೈಲಿನಲ್ಲಿ ಟೈಮರ್ ಇಟ್ಟು, ಓದು ಅಂದೆ. ಪ್ರಶ್ನೆ ಮುಟ್ಟಬೇಡ, ಬರೀ ಓದು. 900 ಪದಕ್ಕೆ 13 ನಿಮಿಷ ತಗೊಂಡಳು. ಪೆನ್ಸಿಲ್ ತುದಿಯನ್ನ ಒಂದೊಂದು ಪದದ ಕೆಳಗೆ ಇಡ್ತಾ, ತುಟಿ ಅಲ್ಲಾಡಿಸ್ತಾ, ಗೊತ್ತಿಲ್ಲದ ಪದ ಬಂದಾಗ ಅಲ್ಲೇ ನಿಂತು. ಥೇಟ್ ನಮ್ಮ ಮೇಷ್ಟ್ರು ಓದಿಸಿದ ಹಾಗೇ. ಮೂರು ಪ್ಯಾಸೇಜಿಗೆ 39 ನಿಮಿಷ ಓದೋಕೇ ಹೋದರೆ, 40 ಪ್ರಶ್ನೆಗೆ ಉಳಿಯೋದು 21 ನಿಮಿಷ. ಅಷ್ಟರಲ್ಲಿ ಓದಿದ್ದೂ ಮರೆತಿರುತ್ತೆ, ಮತ್ತೆ ವಾಪಸ್ ಹೋಗಿ ಹುಡುಕಬೇಕು. ಅದರ ಮೇಲೆ ಅವಳು ಬುಕ್ ಮಾಡಿದ್ದು ಕಂಪ್ಯೂಟರ್ ಪರೀಕ್ಷೆ. ಎಡಗಡೆ ಪ್ಯಾಸೇಜು, ಬಲಗಡೆ ಪ್ರಶ್ನೆ, ಪೆನ್ಸಿಲ್ ಇಡೋಕೆ ಜಾಗವೇ ಇಲ್ಲ. ಬೇಕಾದ ಪದಕ್ಕೆ ಬಣ್ಣ ಹಚ್ಚಿಕೊಳ್ಳಬಹುದು, ಅಷ್ಟೇ.

ಕೋಚಿಂಗ್ ಸೆಂಟರಿನವರು ಅವಳಿಗೆ ಸ್ಕಿಮ್ಮಿಂಗು, ಸ್ಕ್ಯಾನಿಂಗು ಅಂತ ಎರಡು ಪದ ಕೊಟ್ಟು, ನೂರೈವತ್ತು ಪುಟದ ಜೆರಾಕ್ಸ್ ಕೊಟ್ಟು ಕಳಿಸಿದ್ದರು. ಏನಂದರೆ ಏನು ಅಂತ ಅವಳಿಗೆ ಬಾಯಿಪಾಠ ಬರ್ತಿತ್ತು. ಮಾಡೋಕೆ ಮಾತ್ರ ಧೈರ್ಯ ಇಲ್ಲ. ಬಿಟ್ಟ ಪದದಲ್ಲೇ ಉತ್ತರ ಇದ್ದರೆ?

ನಾನು ಅಪ್ಪಯ್ಯನ ಉದಾಹರಣೆ ಕೊಟ್ಟೆ. ಅಪ್ಪಯ್ಯ ಪೇಪರ್ ಬಂದ ತಕ್ಷಣ ಮೊದಲ ಪುಟ ತಿರುಗಿಸಿ ಸೀದಾ ಧಾರಣೆ ಇರೋ ಮೂಲೆಗೆ ಹೋಗ್ತಾರೆ. ಅಲ್ಲಿ ಮೆಣಸು, ಕೊಬ್ಬರಿ, ಶುಂಠಿ ಎಲ್ಲದರ ರೇಟೂ ಇರುತ್ತೆ. ಅಪ್ಪಯ್ಯನ ಕಣ್ಣಿಗೆ ಅದ್ಯಾವುದೂ ಕಾಣಲ್ಲ. ಅಡಿಕೆ, ಶಿವಮೊಗ್ಗ, ರಾಶಿ. ಅದರ ಎದುರಿನ ನಂಬರು. ಮೂರು ಸೆಕೆಂಡ್. "ಬೆಟ್ಟೆ ಎಷ್ಟಂತೆ?" ಅಂತ ಪಕ್ಕದ ಮನೆಯವರು ಕೇಳಿದರೆ ಮತ್ತೆ ಪೇಪರ್ ತೆಗೀಬೇಕು, ಯಾಕಂದ್ರೆ ಒಂದು ಸಾಲು ಮೇಲಿದ್ದರೂ ಅದನ್ನ ಓದಿರಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ಮಾಡೋ ಇದೇ ಕೆಲಸಕ್ಕೆ ಸ್ಕ್ಯಾನಿಂಗ್ ಅಂತ ಹೆಸರು. ಸ್ಕಿಮ್ಮಿಂಗ್ ಅಂದ್ರೆ, ಧಾರಣೆ ನೋಡಿ ಆದಮೇಲೆ ಚಹಾ ಕುಡೀತಾ ಹೆಡ್ಡಿಂಗ್ ಮೇಲೆ ಕಣ್ಣಾಡಿಸಿ, ಯಾವ ಸುದ್ದಿ ಪೂರ್ತಿ ಓದಬೇಕು ಅಂತ ತೀರ್ಮಾನ ಮಾಡ್ತಾರಲ್ಲ, ಅದು.

ಅವಳು ನಕ್ಕಳು, ಆದರೆ ಒಪ್ಪಲಿಲ್ಲ. "ದೊಡ್ಡಪ್ಪಂಗೆ ಕನ್ನಡ ಬರುತ್ತೆ, ನಂಗೆ ಇಂಗ್ಲೀಷ್ ಬರಲ್ಲ" ಅಂದಳು. ಮಾತು ಸರಿಯೇ. ಹಾಗಾಗಿ ಅವಳ ವಾರ್ಡಿಗೇ ಬಂದೆ.

"ನೈಟ್ ಡ್ಯೂಟಿಗೆ ಹೋದ ಕೂಡ್ಲೆ ಎಂತ ಮಾಡ್ತೀಯೆ?"

"ಹ್ಯಾಂಡೋವರ್ ತಗೊಳ್ತೀನಿ. ಪೇಷೆಂಟ್ ಫೈಲ್ ನೋಡ್ತೀನಿ."

"ಒಂದನೇ ಪುಟದಿಂದ ಓದ್ತೀಯ?"

"ಹುಚ್ಚಾ ನಿಂಗೆ? ಒಂದೊಂದು ಫೈಲ್ ಇಷ್ಟ್ ದಪ್ಪ ಇರುತ್ತೆ. ಡಯಾಗ್ನೋಸಿಸ್ ನೋಡ್ತೀನಿ, ಇವತ್ತು ಡಾಕ್ಟ್ರು ಎಂತ ಆರ್ಡರ್ ಬರ್ದಾರೆ ನೋಡ್ತೀನಿ, ಡ್ರಗ್ ಚಾರ್ಟಲ್ಲಿ ನನ್ ಟೈಮಿಗೆ ಎಂತ ಉಂಟು ನೋಡ್ತೀನಿ. ಅಷ್ಟೇ."

"ಆ ಫೈಲ್ ಯಾವ ಭಾಷೇಲಿ ಇರುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದೂ ಡಾಕ್ಟ್ರ ಅಕ್ಷರದಲ್ಲಿ" ಅಂತ ತಾನೇ ಸೇರಿಸಿದಳು.

ಅಲ್ಲಿಂದ ಕೆಲಸ ಹಗುರ ಆಯ್ತು. ಪ್ಯಾಸೇಜನ್ನ ಫೈಲ್ ಥರ ನೋಡು ಅಂದೆ. ಮೊದಲು ತಲೆಬರಹ, ಪ್ರತಿ ಪ್ಯಾರಾದ ಶುರು, ಎರಡು ಮೂರು ನಿಮಿಷ, ಯಾವ ಸಾಮಾನು ಯಾವ ಕೋಣೆಯಲ್ಲಿದೆ ಅಂತ ಗೊತ್ತಾಗೋಷ್ಟು. ಆಮೇಲೆ ಪ್ರಶ್ನೆ. ಆಮೇಲೆ ಆ ಕೋಣೆಗೆ ಮಾತ್ರ ಹೋಗಿ, ಅಲ್ಲಿ ಮಾತ್ರ ನಮ್ಮ ಮೇಷ್ಟ್ರು ಹೇಳಿದ ಹಾಗೆ ಪದ ಬಿಡದೆ ಓದೋದು. ಮೇಷ್ಟ್ರ ವಿದ್ಯೆ ವ್ಯರ್ಥ ಅಲ್ಲ. ಅದನ್ನ 900 ಪದಕ್ಕೂ ಹಚ್ಚೋಕೆ ಹೋಗಬಾರದು, ಅಷ್ಟೆ.

ಎರಡನೇ ಅಭ್ಯಾಸ, ಅದೇ ಪದ ಹುಡುಕಿ ಸಾಲು ಎತ್ತೋದು, ಬಿಡಿಸೋಕೆ ಇನ್ನೂ ಕಷ್ಟ ಆಯ್ತು. ನಮ್ಮ ಆಫೀಸಿನ ಭಾಷೇಲಿ ಹೇಳೋದಾದ್ರೆ ಅವಳು ಕಣ್ಣಲ್ಲೇ ಕಂಟ್ರೋಲ್ ಎಫ್ ಮಾಡ್ತಿದ್ದಳು. ಪ್ರಶ್ನೆ ಮಾಡೋರಿಗೆ ಇದು ಗೊತ್ತಿರುತ್ತೆ. ಪ್ಯಾಸೇಜಿನಲ್ಲಿ 'ಮಳೆ ಕೈಕೊಟ್ಟಿತು' ಅಂತ ಇದ್ದರೆ ಪ್ರಶ್ನೆಯಲ್ಲಿ 'ಬರಗಾಲ' ಅಂತ ಇರುತ್ತೆ. 'ಮಳೆ' ಅನ್ನೋ ಪದವನ್ನೇ ಬೇರೆ ಯಾವುದೋ ಪ್ಯಾರಾದಲ್ಲಿ ಇಟ್ಟಿರ್ತಾರೆ, ಗಾಳದ ತುದಿಗೆ ಎರೆಹುಳ ಇಟ್ಟ ಹಾಗೆ. ಪ್ರಶ್ನೆಯ ಪದ ಅಷ್ಟು ಸುಲಭಕ್ಕೆ ಹಾಗೇ ಸಿಕ್ಕಿಬಿಟ್ಟರೆ ಅನುಮಾನ ಪಡು ಅಂದೆ. ಬದಲಾಯಿಸೋಕೆ ಆಗದ್ದನ್ನ ಹುಡುಕು: ಮನುಷ್ಯರ ಹೆಸರು, ಊರು, ಇಸವಿ. ಅದು ಸಿಕ್ಕ ಜಾಗದಲ್ಲಿ ನಿಂತು ಸುತ್ತ ಮುತ್ತ ಅರ್ಥ ನೋಡು. ಗೊತ್ತಿಲ್ಲದ ಪದ ಬಂದರೆ, ಅದೊಂದು ಹುಳವೋ ಒಂದು ಯಂತ್ರವೋ ಒಂದು ಕಾಯಿಲೆಯೋ ಅಂತ ಗೊತ್ತಾದರೆ ಸಾಕು, ಡಬ್ಬದ ಮೇಲೆ ಚೀಟಿ ಅಂಟಿಸಿ ಮುಂದೆ ಹೋಗು.

ಪ್ಯಾರಾಗಳಿಗೆ ತಲೆಬರಹ ಹೊಂದಿಸೋ ಪ್ರಶ್ನೆ ಬಗ್ಗೆ ಕೋಚಿಂಗಿನವರ ಮಂತ್ರ ಇತ್ತು: ಮೊದಲ ಸಾಲು, ಕೊನೆಯ ಸಾಲು ಓದಿದರೆ ಸಾಕು. ನನಗೆ ಇದರಲ್ಲಿ ನಂಬಿಕೆ ಇಲ್ಲ. ನಮ್ಮ ಕಡೆ ಹೆಣ್ಣು ನೋಡೋಕೆ ಮುಂಚೆ ಹುಡುಗನ ಬಗ್ಗೆ ವಿಚಾರಿಸ್ತಾರಲ್ಲ, "ಹುಡುಗ ಒಳ್ಳೆಯವನು, ತೋಟ ಇದೆ, ಮನೆತನಕ್ಕೆ ಹೆಸರಿದೆ, ಆದ್ರೆ..." ಅಂತ ಶುರು ಮಾಡಿದರೆ, 'ಆದ್ರೆ'ಗೆ ಮುಂಚೆ ಹೇಳಿದ್ದನ್ನ ಯಾರಾದರೂ ಕಿವಿಗೆ ಹಾಕ್ಕೊಳ್ತಾರ? ಇಂಗ್ಲೀಷಿನವರ ಪ್ಯಾರಾನೂ ಎಷ್ಟೋ ಸಲ ಹಾಗೇ. 'ಹೌಎವರ್' ಎಲ್ಲಿದೆ ನೋಡು, ವಿಷಯ ಅದರ ಆಚೆ ಇರುತ್ತೆ. ಇದು ಅವಳಿಗೆ ಒಂದೇ ದಿನದಲ್ಲಿ ಹಿಡಿಸಿತು.

ನಿಜವಾದ ಜಗಳ ಆಗಿದ್ದು 'ಟ್ರೂ, ಫಾಲ್ಸ್, ನಾಟ್ ಗಿವನ್' ಮೇಲೆ. ಒಂದು ಹೇಳಿಕೆ ಕೊಡ್ತಾರೆ. ಪ್ಯಾಸೇಜು ಅದನ್ನ ಒಪ್ಪಿದರೆ ಟ್ರೂ, ಪ್ಯಾಸೇಜು ಅದಕ್ಕೆ ಉಲ್ಟಾ ಹೇಳಿದರೆ ಫಾಲ್ಸ್, ಎರಡೂ ಅಲ್ಲ ಅಂದರೆ ನಾಟ್ ಗಿವನ್, ಅಂದರೆ ಕೊಟ್ಟಿಲ್ಲ. ನಮ್ಮ ಯಾವ ಶಾಲೆಯ ಪರೀಕ್ಷೆಯಲ್ಲೂ ಈ ಮೂರನೇದು ಇರಲಿಲ್ಲ. ಸರಿ ಅಥವಾ ತಪ್ಪು, ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ. 'ಇದು ಪುಸ್ತಕದಲ್ಲಿ ಇಲ್ಲ ಸಾರ್' ಅಂದಿದ್ರೆ ಬೆತ್ತ ಬೀಳ್ತಿತ್ತು.

ಇಂಗ್ಲೀಷ್ ಅಡ್ಡ ಬರೋದು ಬೇಡ ಅಂತ ನಾನೇ ಕನ್ನಡದಲ್ಲಿ ಎರಡು ಸಾಲು ಬರೆದೆ:

'ಸೇತುವೆ ಆಗುವವರೆಗೆ ಆ ಊರಿನ ಬಹುಪಾಲು ಜನ ದೋಣಿಯಲ್ಲೇ ಹೊಳೆ ದಾಟುತ್ತಿದ್ದರು. ಸೇತುವೆ ಆದ ಎರಡು ವರ್ಷದ ನಂತರ ದೋಣಿ ನಡೆಸುವವರಲ್ಲಿ ಕೆಲವರು ಪೇಟೆಗೆ ಹೋಗಿ ನೆಲೆಸಿದರು.'

ಮೊದಲ ಹೇಳಿಕೆ: ಸೇತುವೆಗೆ ಮುಂಚೆ ಊರಿನ ಎಲ್ಲರೂ ದೋಣಿಯಲ್ಲೇ ದಾಟುತ್ತಿದ್ದರು. ಅವಳು ಟ್ರೂ ಅಂದಳು. ಬಹುಪಾಲು ಬೇರೆ, ಎಲ್ಲರೂ ಬೇರೆ ಅಂದಾಗ ಹಣೆ ಚಚ್ಚಿಕೊಂಡು ಫಾಲ್ಸ್ ಅಂದಳು. 'ಎಲ್ಲ', 'ಮಾತ್ರ', 'ಯಾವಾಗಲೂ', 'ಮೊಟ್ಟಮೊದಲು', ಈ ಥರದ ಪುಟ್ಟ ಪದ ಬಂದಲ್ಲೆಲ್ಲ ನಿಲ್ಲಬೇಕು. ಎರಡನೇ ಹೇಳಿಕೆ: ದೋಣಿಯವರು ಸೇತುವೆಯನ್ನು ವಿರೋಧಿಸಿದ್ದರು. ಇದು ಕೊಟ್ಟಿಲ್ಲ ಅಂತ ಸರಿಯಾಗಿ ಹೇಳಿದಳು. ಮೂರನೇದು: ಸೇತುವೆಯಿಂದ ಕೆಲಸ ಕಳೆದುಕೊಂಡ ಕೆಲವು ದೋಣಿಯವರು ಊರು ಬಿಟ್ಟರು.

"ಟ್ರೂ."

"ನಾಟ್ ಗಿವನ್."

"ಹೆಂಗೆ ಮಾರಾಯ? ಸೇತುವೆ ಆದ್ಮೇಲೆ ದೋಣಿ ಹತ್ತೋರು ಯಾರು? ಹೊಟ್ಟೆಪಾಡಿಗೆ ಹೋಗ್ದೆ ಮತ್ತೆಂತ ಮಾಡ್ತಾರೆ?"

"ಹೋದ್ರು ಅಂತ ಬರ್ದಿದೆ. ಯಾಕೆ ಹೋದ್ರು ಅಂತ ಎಲ್ಲಿ ಬರ್ದಿದೆ? ಮಕ್ಕಳ ಶಾಲೆಗೆ ಹೋಗಿರ್ಬಹುದು. ಸೊಸೆ ಜೊತೆ ಜಗಳ ಆಗಿರ್ಬಹುದು."

"ನಿಂಗೆ ಹೊಳೆ ವಿಷ್ಯ ಗೊತ್ತಿಲ್ವ?"

ಗೊತ್ತಿದೆ. ನಮ್ಮದು ಶರಾವತಿ ಹಿನ್ನೀರಿನ ಕಡೆ. ತುಮರಿಗೆ ಹೋಗೋ ಲಾಂಚು ಹತ್ತಿ, ಅದರ ಕೊನೇ ಟ್ರಿಪ್ಪಿಗೆ ಓಡಿ ಬೆಳೆದವರು ನಾವು. ಸೇತುವೆ ಅಂದ ಕೂಡಲೇ ಇಡೀ ಕತೆ ತಲೆಯೊಳಗೆ ತಾನೇ ತುಂಬಿಕೊಳ್ಳುತ್ತೆ. ತೊಂದರೆ ಅದೇ. ಈ ಪ್ರಶ್ನೆಯಲ್ಲಿ ಸೋಲೋದು ಇಂಗ್ಲೀಷ್ ಬಾರದವರು ಮಾತ್ರ ಅಲ್ಲ, ಬದುಕು ಗೊತ್ತಿರೋರೂ. ಅರ್ಧ ಮಾತು ಕೇಳಿ ಉಳಿದರ್ಧ ನಾವೇ ಸೇರಿಸ್ಕೊಳ್ಳೋದು ಊರಲ್ಲಿ ಜಾಣತನ. ಯಾರಾದರೂ ಬೆಳಗ್ಗೆ ಬೆಳಗ್ಗೆ ಬಂದು "ಸುಮ್ನೆ ಬಂದೆ" ಅಂದರೆ ಸಾಲಕ್ಕೆ ಬಂದಿದಾರೆ ಅಂತ ಅಮ್ಮನಿಗೆ ಅಡಿಗೆ ಮನೆಯಲ್ಲೇ ಗೊತ್ತಾಗ್ತಿತ್ತು. ಈ ಪರೀಕ್ಷೆಗೆ ಅಮ್ಮನ ಜಾಣತನ ಬೇಡ.

ನಾನು ದಿನಾ ಡೇಟಾಬೇಸ್ ಜೊತೆ ಏಗೋನು. ಎಸ್‌ಕ್ಯೂಎಲ್‌ನಲ್ಲಿ 'ನಲ್' ಅಂತ ಒಂದಿದೆ. ಅದು ಸೊನ್ನೆ ಅಲ್ಲ, ಸುಳ್ಳೂ ಅಲ್ಲ, 'ಗೊತ್ತಿಲ್ಲ' ಅಂತ. ಒಂದು ನಲ್ ಇನ್ನೊಂದು ನಲ್‌ಗೆ ಸಮವಾ ಅಂತ ಕೇಳಿದರೆ ಡೇಟಾಬೇಸ್ ಹೌದೂ ಅನ್ನಲ್ಲ, ಅಲ್ಲವೂ ಅನ್ನಲ್ಲ, ಗೊತ್ತಿಲ್ಲ ಅನ್ನುತ್ತೆ. ಇದನ್ನ ಅವಳಿಗೆ ಉತ್ಸಾಹದಿಂದ ಹತ್ತು ನಿಮಿಷ ವಿವರಿಸಿದೆ. ಅವಳು ಆಕಳಿಸಿದಳು. ಸರಿ, ಮತ್ತೆ ವಾರ್ಡಿಗೆ.

"ಫೈಲಲ್ಲಿ ಅಲರ್ಜಿ ಅಂತ ಇರೋ ಜಾಗ ಖಾಲಿ ಇದ್ರೆ? ಇಂಜೆಕ್ಷನ್ ಕೊಟ್ಬಿಡ್ತೀಯ?"

"ಅಯ್ಯೋ, ಕೇಳ್ಬೇಕು ಮೊದ್ಲು."

"ಖಾಲಿ ಅಂದ್ರೆ ಅಲರ್ಜಿ ಇಲ್ಲ ಅಂತ ತಾನೆ?"

"ಅಲ್ಲ! ಇಲ್ಲ ಅಂದ್ರೆ ಇಲ್ಲ ಅಂತ ಬರ್ದಿರ್ಬೇಕು. ಖಾಲಿ ಅಂದ್ರೆ ಯಾರೂ ಕೇಳಿಲ್ಲ ಅಂತ. ಅದನ್ನ ಇಲ್ಲ ಅಂದ್ಕೊಂಡ್ರೆ ಪೇಷೆಂಟ್ ಹೋಗ್ಬಿಡ್ತಾನೆ ಅಣ್ಣ..."

ಅಣ್ಣಯ್ಯ ಅನ್ನೋದು ಪೂರ್ತಿ ಆಗಲಿಲ್ಲ. ಪುಸ್ತಕ ಎಳೆದುಕೊಂಡು, ತಪ್ಪಾಗಿದ್ದ ಹಳೇ ಪ್ರಶ್ನೆಗಳನ್ನೆಲ್ಲ ಮತ್ತೆ ನೋಡೋಕೆ ಶುರು ಮಾಡಿದಳು. ಟ್ರೂ ಅಂದ್ರೆ ಚಾರ್ಟಲ್ಲಿ ಬರೆದಿದೆ. ಫಾಲ್ಸ್ ಅಂದ್ರೆ ಚಾರ್ಟಲ್ಲಿ ಬೇರೆ ಬರೆದಿದೆ. ನಾಟ್ ಗಿವನ್ ಅಂದ್ರೆ ಖಾಲಿ. ಎಸ್‌ಕ್ಯೂಎಲ್ ಮೇಲೆ ನಾನು ಸುರಿದ ಹತ್ತು ನಿಮಿಷ ಅವಳ ಈ ಮೂರು ಸಾಲಿನ ಮುಂದೆ ನಿಲ್ಲಲ್ಲ.

ಇದರ ಜೊತೆ ನಾನು ಸೇರಿಸಿದ್ದು ಒಂದೇ. ಈ ಥರದ ಪ್ರಶ್ನೆಗಳ ಉತ್ತರ ಪ್ಯಾಸೇಜಿನಲ್ಲಿ ವರಸೆಯಾಗಿ ಬರುತ್ತೆ. ಮೂರನೇದರ ಉತ್ತರ ಇಲ್ಲಿ ಸಿಕ್ಕಿತು, ಐದನೇದು ಅಲ್ಲಿ ಸಿಕ್ಕಿತು ಅಂದರೆ ನಾಲ್ಕನೇದು ಈ ನಡುವೆಯೇ ಇರಬೇಕು. ಅಲ್ಲಿ ಇಲ್ಲದಿದ್ದರೆ ಕೊಟ್ಟಿಲ್ಲ ಅಂತ ಬರೆದು ನಡಿ. ಇಲ್ಲದ್ದನ್ನ ಹುಡುಕ್ತಾ ಕೂತರೆ ಇಡೀ ಗಂಟೆ ಅಲ್ಲೇ ಹೋಗುತ್ತೆ. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಯಾವ ಮನೆಯನ್ನೂ ಖಾಲಿ ಬಿಡಬೇಡ. 'ಎರಡು ಪದ ಮೀರಬಾರದು' ಅಂದಲ್ಲಿ ಮೂರು ಬರೆದರೆ ಅರ್ಥ ಸರಿಯಿದ್ದರೂ ಸೊನ್ನೆ, ಅಲ್ಲಿ ಧಾರಾಳತನ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಈ ಪರೀಕ್ಷೆ ಬಗ್ಗೆ ಒಂದು ಸಿಟ್ಟು ಇದ್ದೇ ಇದೆ. ಇವಳು ಒಂದು ರಾತ್ರಿಯಲ್ಲಿ ಕನ್ನಡ, ಹಿಂದಿ, ತಮಿಳು, ಮಲಯಾಳ ನಾಲ್ಕರಲ್ಲೂ ನೋವು ಎಲ್ಲಿದೆ ಅಂತ ಕೇಳ್ತಾಳೆ, ಉತ್ತರ ಅರ್ಥ ಮಾಡ್ಕೊಳ್ತಾಳೆ. ಅದಕ್ಕೆ ಯಾವ ಬ್ಯಾಂಡೂ ಇಲ್ಲ. ಯಾವುದೋ ದ್ವೀಪದ ಹಕ್ಕಿಯ ಬಗ್ಗೆಯೋ ಗಾಜಿನ ಇತಿಹಾಸದ ಬಗ್ಗೆಯೋ 60 ನಿಮಿಷ ತಡಕಾಡಿದ್ದರ ಮೇಲೆ ಚಿಕ್ಕಪ್ಪನ ಸಾಲ ತೀರೋದು ನಿಂತಿರುತ್ತೆ. ಆದರೂ ರೋಗಿಯ ಫೈಲನ್ನ ಬೇಗ ಓದೋಕೆ ಬರಬೇಕು, ಇಲ್ಲದ್ದನ್ನ ಇದೆ ಅಂದ್ಕೊಳ್ಳಬಾರದು ಅಂತ ಆ ದೇಶದವರು ಕೇಳೋದು ತಪ್ಪು ಅನ್ನೋಕೆ ನನ್ನಿಂದ ಆಗಲ್ಲ.

ಎರಡು ತಿಂಗಳು, ವಾರಕ್ಕೊಂದು ಸಂಜೆ. ಕಡೆಕಡೆಗೆ ನನ್ನ ಅಗತ್ಯ ಇರಲಿಲ್ಲ. ಪಿಜಿಯಲ್ಲೇ ಟೈಮರ್ ಇಟ್ಟುಕೊಂಡು ಮಾಡಿ, ಎಷ್ಟು ಬಂತು ಅಂತ ವಾಟ್ಸಾಪ್ ಮಾಡೋಳು. 26. 29. 28. 31. ಮಧ್ಯೆ ಒಂದು ದಿನ ನೈಟ್ ಡ್ಯೂಟಿ ಮುಗಿಸಿ ಬಂದು ಕೂತು 22 ಬಂದಾಗ ಒಂದು ಅಳುವ ಮುಖ. ನಿದ್ದೆಗೆಟ್ಟು ಓದಬೇಡ ಅಂತ ಬೈದೆ. ಪರೀಕ್ಷೆಗೆ ಮುಂಚೆ ಮೂರು ದಿನ ರಜೆ ಸಿಗುತ್ತಾ ಅನ್ನೋದೇ ಇಂಗ್ಲೀಷಿಗಿಂತ ದೊಡ್ಡ ಚಿಂತೆ ಆಗಿತ್ತು. ಜೊತೆಯವಳೊಬ್ಬಳು ಡ್ಯೂಟಿ ಬದಲಾಯಿಸಿಕೊಂಡು ಉಳಿಸಿದಳು. ರೀಡಿಂಗ್ 7.5 ಬಂತು. ಉಳಿದದ್ದೂ ದಾಟಿತು. ಚಿಕ್ಕಪ್ಪ ಫೋನ್ ಮಾಡಿ, "ಏಳೂವರೆ ಅಂದ್ರೆ ನೂರಕ್ಕೆ ಎಷ್ಟಾ?" ಅಂತ ಕೇಳಿದರು. ಒಂಬತ್ತಕ್ಕೆ ಚಿಕ್ಕಪ್ಪ ಅಂದೆ. "ಹಂಗಾರೆ ಅಡ್ಡಿಲ್ಲ" ಅಂದರು.

ಮೊನ್ನೆ ಒಂದು ಏಜೆನ್ಸಿಯವರು ಅವಳಿಗೆ ಕರಾರು ಪತ್ರ ಕಳಿಸಿದ್ದಾರೆ. 14 ಪುಟ. ಜೊತೆಯಲ್ಲಿ ಅಪಾಯಿಂಟ್ ಆದ ಹುಡುಗಿಯರು ಆಗಲೇ ಸಹಿ ಹಾಕಿ ಕಳಿಸಿದ್ದಾರಂತೆ, ಬೇಗ ಹಾಕಿ ಅಂತ ದಿನಾ ಫೋನು. ನನಗೂ ಒಂದು ಪ್ರತಿ ಕಳಿಸಿ, ನಾನು ಆಫೀಸಿಂದ ಬಂದು ತೆಗೆಯೋ ಹೊತ್ತಿಗೆ ಅವಳೇ ಓದಿ ಮುಗಿಸಿದ್ದಳು.

"ಅಣ್ಣಯ್ಯ, ಒಂಬತ್ತನೇ ಪುಟ ನೋಡು. ಮಧ್ಯದಲ್ಲಿ ಕೆಲಸ ಬಿಟ್ರೆ ನಾನು ದುಡ್ಡು ವಾಪಸ್ ಕೊಡ್ಬೇಕು ಅಂತ ಇದೆ. ಎಷ್ಟು ಅಂತ ಇಲ್ಲ. ವರ್ಷ ಆದ್ಮೇಲೆ ಕಮ್ಮಿ ಆಗ್ತದೆ ಅಂತ ಅವ್ರು ಫೋನಲ್ಲಿ ಹೇಳಿದ್ರು, ಇದ್ರಲ್ಲಿ ಎಲ್ಲೂ ಇಲ್ಲ. ಮೊದಲ ಮೂರು ತಿಂಗಳು ರೂಮು ಫ್ರೀ ಅಂದಿದ್ರು, ಇಲ್ಲಿ 'ವಸತಿಗೆ ಸಹಾಯ ಮಾಡಲಾಗುವುದು' ಅಂತ ಮಾತ್ರ ಇದೆ. ಬಾಡಿಗೆ ಯಾರು ಕೊಡ್ತಾರೆ ಅನ್ನೋದು ನಾಟ್ ಗಿವನ್."

ಮೂರು ಪ್ರಶ್ನೆಗೂ ಬರವಣಿಗೆಯಲ್ಲಿ ಉತ್ತರ ಕೊಡಿ ಅಂತ ಅವರಿಗೆ ಮೇಲ್ ಹಾಕಿದ್ದಾಳೆ. ನಾಲ್ಕು ದಿನ ಆಯ್ತು, ಫೋನು ಬರ್ತಾ ಇದೆ, ಮೇಲ್ ಬಂದಿಲ್ಲ. ಅವಳೂ ಸಹಿ ಹಾಕಿಲ್ಲ.